ಬಾಯಿ ವಾಸನೆ ನೋಡುವ ಮುಂಚೆ

ಮಕ್ಕಳನ್ನು ಕಾಲೇಜಿಗೆ ಕಳಿಸಿರುವ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಅಪ್ಪ-ಅವ್ವಂದಿರಿಗೆ,



ಅಡ್ಮಿಷನ್ ಮುಗಿದು ಮಕ್ಕಳು ಊರು ಬಿಡುವ ಕಾಲ ಇದು. ಕೆಲವರು ಕಲಬುರಗಿಗೆ, ಕೆಲವರು ರಾಯಚೂರಿಗೆ, 371(ಜೆ) ಮೀಸಲಾತಿಯ ಆಸರೆಯಿಂದ ಸೀಟು ಹಿಡಿದವರು ಬೆಂಗಳೂರಿಗೆ, ಇನ್ನು ಕೆಲವರು ಹೈದರಾಬಾದಿಗೆ. ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಕಾದು ನಿಂತವರ ಕೈಚೀಲ ನೋಡಿದರೆ ಸಾಕು, ಹಾಸ್ಟೆಲ್ಲಿಗೆ ಹೊರಟವರು ಯಾರೆಂದು ಗೊತ್ತಾಗುತ್ತದೆ: ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಡಬ್ಬಿ ತುಂಬ ಶೇಂಗಾ ಹಿಂಡಿ. ಗಾಡಿ ಬರುವ ಹೊತ್ತಿಗೆ ಅಪ್ಪ ಗಂಟಲು ಸರಿಮಾಡಿಕೊಂಡು ಹೇಳುವುದು ಒಂದೇ ಮಾತು. "ನೆಟ್ಟಗ ಓದು, ಕೆಟ್ಟ ಚಟ ಕಲೀಬ್ಯಾಡ." ಮಗ "ಹ್ಞೂ" ಅನ್ನುತ್ತಾನೆ. ಕುಡಿತ, ಗಾಂಜಾ, ಮಾತ್ರೆಗಳ ಬಗ್ಗೆ ಅಪ್ಪ-ಮಗ ಆಡಬೇಕಾದ ಮಾತೆಲ್ಲ ಅಲ್ಲಿಗೆ ಮುಗಿಯಿತು. ಆಮೇಲೆ ಆ ವಿಷಯ ಎದ್ದರೆ ವಾರ್ಡನ್ ಫೋನ್ ಮಾಡಿದಾಗಲೇ.

ನಾನು ಈ ಸೀಮೆಯ ಪದವಿ ಕಾಲೇಜುಗಳಲ್ಲಿ ಪಾಠ ಹೇಳಿ ನಿವೃತ್ತನಾದ ಮಾಸ್ತರ. ತರಗತಿಯಲ್ಲಿ ನಾನು ಹೇಳಿದ್ದಕ್ಕಿಂತ, ಗಂಟೆ ಹೊಡೆದ ಮೇಲೆ ವರಾಂಡದಲ್ಲಿ ಹುಡುಗರು ನನಗೆ ಹೇಳಿದ್ದೇ ಹೆಚ್ಚು. ಅದರಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು, "ಮನ್ಯಾಗ ಹೇಳಬ್ಯಾಡ್ರಿ ಸರ." ಸೀನಿಯರುಗಳು ಕುಡಿಸಿದ್ದನ್ನು, ರೂಮಿನ ಗೆಳೆಯ ಎರಡು ದಿನ ಏಳದೆ ಮಲಗಿದ್ದನ್ನು, ಸಾಲ ಮಾಡಿಕೊಂಡದ್ದನ್ನು ಪರಕೀಯನಾದ ನನ್ನ ಮುಂದೆ ಹೇಳುವ ಹುಡುಗ ಹೆತ್ತವರಿಂದ ಮುಚ್ಚಿಡುತ್ತಿದ್ದ. ನೀವು ಕೆಟ್ಟವರೆಂದಲ್ಲ. ಹೇಳಿದರೆ ಏನಾಗುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು: ಒಂದು ಹೊಡೆತ, ಒಂದು ಅಳು, ಒಂದು ಆಣೆ. ನಾನು ಈ ಪತ್ರ ಬರೆಯಲು ಕುಳಿತದ್ದು ಆ ಒಂದು ಮಾತಿನ ಸಲುವಾಗಿ.

"ನಾವ್ ಓದಿದವರಲ್ಲ ಸರ, ಓದಿದ ಮಗನಿಗಿ ನಾವೇನ್ ಹೇಳಾಮು" ಎಂದು ನಿಮ್ಮಲ್ಲಿ ಬಹಳ ಜನ ನನ್ನ ಮುಂದೆ ಅಂದಿದ್ದೀರಿ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯಕ್ಕೇ ಕಡೆಯ ಸ್ಥಾನ. ಇವತ್ತು ಕಾಲೇಜಿನಲ್ಲಿರುವ ಎಷ್ಟೋ ಮಕ್ಕಳು ತಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಕಂಪ್ಯೂಟರಿನ ಬಗ್ಗೆ, ಪರೀಕ್ಷೆಯ ಬಗ್ಗೆ ನಿಮಗೆ ಹೇಳಲು ಇಲ್ಲದಿರಬಹುದು, ಒಪ್ಪುತ್ತೇನೆ. ಕುಡಿತದ ವಿಷಯದಲ್ಲಿ ಮಾತ್ರ ಈ ಮಾತು ಒಪ್ಪಲಾರೆ. ಈ ಒಂದು ವಿಷಯದಲ್ಲಿ ನಿಮಗೆ ತಿಳಿದಷ್ಟು ಯಾವ ಪ್ರೊಫೆಸರರಿಗೂ ತಿಳಿದಿಲ್ಲ.

ಈಚಲು ಗಿಡದ ಸೇಂದಿ ನಿಮಗೆ ಗೊತ್ತು. ತೆಲಂಗಾಣದ ಗಡಿಯಿಂದ, ಗುರುಮಠಕಲ್ ಕಡೆಯಿಂದ ಬರುವ ಸಿ.ಎಚ್. (ಕ್ಲೋರಲ್ ಹೈಡ್ರೇಟ್) ಪೌಡರ್ ಬೆರೆಸಿದ ಹೆಂಡ ಕುಡಿದವರ ಮೋರೆ ಹೇಗಿರುತ್ತದೆಂದು ಗೊತ್ತು. ಸರಾಯಿ ಪಾಕೀಟಿನ ಕಾಲ ನೋಡಿದವರು ನೀವು. 2007ರ ಜುಲೈ 1ರಿಂದ ಸರ್ಕಾರ ಸರಾಯಿ ನಿಲ್ಲಿಸಿದಾಗ ಹೆಣ್ಣುಮಕ್ಕಳು ನೆಮ್ಮದಿಯ ಉಸಿರು ಬಿಟ್ಟದ್ದನ್ನೂ, ಸ್ವಲ್ಪ ದಿನಕ್ಕೇ ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಕ್ವಾರ್ಟರು, ತೊಂಬತ್ತು ಮಿಲಿಲೀಟರಿನ ಪಾಕೀಟು ಬಂದು ಕಿರಾಣಿ ಅಂಗಡಿಯ ಅಕ್ಕಿ ಚೀಲದ ಹಿಂದೆ ಕುಳಿತದ್ದನ್ನೂ ಕಂಡವರು ನೀವು. 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟು 30ರಂದು ಬೆಂಗಳೂರು ಮುಟ್ಟಿದ ಮದ್ಯ ನಿಷೇಧ ಆಂದೋಲನದ ಪಾದಯಾತ್ರೆ ನೆನಪಿದೆಯಲ್ಲ? ಅದರಲ್ಲಿ ನಮ್ಮ ಭಾಗದ ಹೆಣ್ಣುಮಕ್ಕಳೇ ಮುಂದಿದ್ದರು. ನಡೆದವರಲ್ಲಿ ಬಹುಪಾಲು ಕೂಲಿ ಮಾಡುವ ಹೆಂಗಸರು. ಮದ್ಯ ಮನೆಯನ್ನು ಹೇಗೆ ತಿನ್ನುತ್ತದೆ ಎಂದು ಅವರು ಪುಸ್ತಕ ಓದಿ ತಿಳಿದದ್ದಲ್ಲ.

ಮುಖ್ಯಮಂತ್ರಿಗೆ ಹೇಳಲು ಅಷ್ಟು ದೂರ ನಡೆದ ಸೀಮೆ ನಮ್ಮದು. ಅದೇ ಮಾತನ್ನು ಮನೆಯೊಳಗೆ ಹತ್ತೊಂಬತ್ತರ ಮಗನ ಮುಂದೆ ಕೂತು ಹೇಳುವುದಿಲ್ಲ. ಎರಡೆಕರೆ ಹೊಲ ಯಾಕೆ ಮಾರಿದಿರಿ ಎಂದು ಮಗ ಕೇಳಿದರೆ "ಮಳಿ ಆಗಲಿಲ್ಲ" ಅನ್ನುತ್ತೇವೆ. ಸೋದರಮಾವ ಮೂವತ್ತೆಂಟಕ್ಕೆ ಯಾಕೆ ಸತ್ತ ಎಂದರೆ "ಕಾಮಾಲಿ ಆಗಿತ್ತು" ಅನ್ನುತ್ತೇವೆ. ಕಾಮಾಲೆ ಯಾತರಿಂದ ಬಂತೆಂದು ಹೇಳುವುದಿಲ್ಲ, ಮನೆತನದ ಮರ್ಯಾದೆ ನೋಡಿ. ಹೀಗೆ ನಿಮ್ಮಲ್ಲಿರುವ ಅತಿ ಬೆಲೆಯ ತಿಳಿವಳಿಕೆ ಮಗನಿಗೆ ದಾಟುವುದೇ ಇಲ್ಲ. ಅವನಿಗೆ ಮದ್ಯದ ಪಾಠ ಸಿಗುವುದು ಸಿನಿಮಾದಲ್ಲಿ, ರೀಲ್ಸಿನಲ್ಲಿ, ಸೀನಿಯರ್ ಕೊಡುವ ಪಾರ್ಟಿಯಲ್ಲಿ. ಆ ಮಾವನ ಕೊನೆಯ ಆರು ತಿಂಗಳು ಹೇಗಿದ್ದವು, ಹೊಟ್ಟೆ ಹೇಗೆ ಉಬ್ಬಿತ್ತು, ರಕ್ತ ಕಾರಿದ ರಾತ್ರಿ ಜೀಪಿಗೆ ಯಾರು ದುಡ್ಡು ಕೊಟ್ಟರು, ಇದ್ದದ್ದು ಇದ್ದಂತೆ ಹೇಳಿ. ಕೊನೆಯಲ್ಲಿ ನೀತಿ ಸೇರಿಸಬೇಡಿ. ಕಾಲೇಜು ಹುಡುಗರಿಗೆ ನೀತಿಯ ವಾಸನೆ ಹೆಂಡದ ವಾಸನೆಗಿಂತ ಬೇಗ ಬಡಿಯುತ್ತದೆ.

"ಅಪ್ಪನೇ ಕುಡೀತಾನ, ಅಂವ ಏನ್ ಹೇಳ್ತಾನ?" ಇದು ಹುಡುಗರು ಕೇಳುವ ಮೊದಲ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೂ ಹೌದು. ಇದಕ್ಕೆ ಹೆದರಿ ಬಾಯಿ ಕಟ್ಟಿಕೊಂಡು ಕೂತ ಅಪ್ಪಂದಿರು ನಮ್ಮಲ್ಲಿ ಬಹಳ. ನನ್ನ ಅಭಿಪ್ರಾಯ ಕೇಳಿದರೆ, ಕುಡಿಯುವ ಅಪ್ಪನಿಗೆ ಮಾತಾಡುವ ಹಕ್ಕು ಹೋಗಿಲ್ಲ, ಸುಳ್ಳು ಹೇಳುವ ಹಕ್ಕು ಮಾತ್ರ ಹೋಗಿದೆ. "ಇಪ್ಪತ್ತು ವರ್ಷದಿಂದ ಕುಡೀಲತ್ತೀನಿ. ಬಿಡಬೇಕಂತ ಮಾಡ್ತೀನಿ, ಆಗವಲ್ದು. ನಿನಗ ಹಿಂಗ ಆಗಬಾರ್ದು ಅಂತ ಹೇಳ್ಲತ್ತೀನಿ" ಎಂದು ಒಬ್ಬ ಅಪ್ಪ ಬೆಳಿಗ್ಗೆ, ಕುಡಿಯದ ಹೊತ್ತಿನಲ್ಲಿ, ಮಗನ ಕಣ್ಣು ನೋಡಿ ಹೇಳಿದರೆ ಮಗ ಅದನ್ನು ಬೇಗ ಮರೆಯಲಾರ. ಜೊತೆಗೆ ಇನ್ನೊಂದು ಸಂಗತಿ ತಿಳಿಸಿ. ಸಕ್ಕರೆ ಕಾಯಿಲೆ ಕೆಲವು ಮನೆತನಗಳಲ್ಲಿ ಇಳಿದು ಬರುವಂತೆ ಕುಡಿತದ ಚಟಕ್ಕೆ ಬೇಗ ಸಿಕ್ಕಿಬೀಳುವ ಗುಣವೂ ರಕ್ತದಲ್ಲಿ ಇಳಿದು ಬರುತ್ತದೆ. ಮನೆಯಲ್ಲಿ ಚಟ ಹತ್ತಿದವರಿದ್ದರೆ ಮಕ್ಕಳಿಗೆ ಅಪಾಯ ಹೆಚ್ಚು. ಗೆಳೆಯ ಕುಡಿದು ಅಲ್ಲಿಗೇ ನಿಲ್ಲಬಹುದು, ಇವನಿಗೆ ನಿಲ್ಲಲು ಆಗದೆ ಹೋಗಬಹುದು. ಇದು ಶಾಪವಲ್ಲ, ದೇಹದ ಲೆಕ್ಕ. ಓದಿದ ಮಗನಿಗೆ ಈ ಲೆಕ್ಕ ಅರ್ಥವಾಗುತ್ತದೆ.

ಮಧ್ಯೆ ಒಂದು ಮಾತು: ಮಗನ ಕೈಯಲ್ಲೇ ಗುಟ್ಕಾ ತರಿಸುವ ಅಪ್ಪಂದಿರು ಅದನ್ನು ಇವತ್ತೇ ನಿಲ್ಲಿಸಿ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲ ಒಂದು ಚೀಟಿ, ತಂಬಾಕು ಒಂದು ಚೀಟಿ ಮಾಡಿ ಮಾರುವ ಉಪಾಯ ನಿಮಗೂ ಗೊತ್ತು, ನಿಮ್ಮ ಮಗನಿಗೂ ಗೊತ್ತು.

ಹುಡುಗರಿಗೆ ಎಲ್ಲ ಗೊತ್ತಿದೆ ಎಂದು ನಾವು ತಿಳಿಯುತ್ತೇವೆ. ಬ್ರಾಂಡುಗಳ ಹೆಸರು ಗೊತ್ತಿರುತ್ತದೆ, ಅಷ್ಟೇ. "ಬಿಯರ್ ಅಂದ್ರ ಜ್ಯೂಸ್ ಇದ್ದಂಗ ಸರ" ಎಂದ ಎಂಜಿನಿಯರಿಂಗ್ ಹುಡುಗನನ್ನು ಕಂಡಿದ್ದೇನೆ. 650 ಮಿಲಿಲೀಟರಿನ ಒಂದು ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಅಪ್ಪಟ ಆಲ್ಕೋಹಾಲ್ ಇರುತ್ತದೆ, 180 ಮಿಲಿಲೀಟರಿನ ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. ನಮ್ಮ ಯಕೃತ್ತು ಗಂಟೆಗೆ ಎಂಟು-ಹತ್ತು ಗ್ರಾಂ ಮಾತ್ರ ಅರಗಿಸಬಲ್ಲದು. ಅಂದರೆ ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಬೆಳಗಿನ ಐದಕ್ಕೂ ಮದ್ಯ ಇರಬಹುದು. ಮಜ್ಜಿಗೆ, ಲಿಂಬೆಹಣ್ಣು, ತಣ್ಣೀರ ಸ್ನಾನ, ಕಾಫಿ ಯಾವುದೂ ಈ ಲೆಕ್ಕವನ್ನು ಬದಲಿಸುವುದಿಲ್ಲ. ಅದೇ ಬೆಳಿಗ್ಗೆ ಬೈಕ್ ಹತ್ತಿ ಪೊಲೀಸರ ಯಂತ್ರಕ್ಕೆ ಊದಿದರೆ? 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ತಪ್ಪಿಗೇ ಆರು ತಿಂಗಳವರೆಗೆ ಜೈಲು, ಇಲ್ಲವೆ ಹತ್ತು ಸಾವಿರ ದಂಡ, ಇಲ್ಲವೆ ಎರಡೂ.

ಇನ್ನೊಂದು ಭ್ರಮೆ, "ಎಲ್ಲಾರೂ ಕುಡೀತಾರ" ಎನ್ನುವುದು. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಕುಡಿಯುವ ಗಂಡಸರು ಶೇ. 27.3. ನೂರರಲ್ಲಿ ಸುಮಾರು ಎಪ್ಪತ್ಮೂರು ಮಂದಿ ಕುಡಿಯುವುದಿಲ್ಲ. ಕುಡಿಯದ ಹುಡುಗನೇ ಹೆಚ್ಚಿನವರ ಸಾಲಿನಲ್ಲಿದ್ದಾನೆ, ಆದರೆ ರೂಮಿನಲ್ಲಿ ಅವನೊಬ್ಬನೇ ಮೂಲೆಗುಂಪು. ಈ ಅಂಕಿ ಅವನಿಗೆ ಧೈರ್ಯ ಕೊಡಬಹುದು. ಒತ್ತಾಯ ಮಾಡಿ ಕುಡಿಸುವುದು ರ‍್ಯಾಗಿಂಗ್ ಎಂಬುದನ್ನೂ ಹೇಳಿ. ಅದಕ್ಕೆ ಯುಜಿಸಿಯ ಸಹಾಯವಾಣಿ ಇದೆ: 1800-180-5522. ಕರ್ನಾಟಕದ ಅಬಕಾರಿ ನಿಯಮಗಳ ಪ್ರಕಾರ ಮದ್ಯ ಕೊಳ್ಳಲು ವಯಸ್ಸು 21. ಅದನ್ನು 18ಕ್ಕೆ ಇಳಿಸುವ ಕರಡನ್ನು ಸರ್ಕಾರ 2023ರ ಜನವರಿಯಲ್ಲಿ ವಿರೋಧಕ್ಕೆ ಮಣಿದು ಕೈಬಿಟ್ಟಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟುಕೊಂಡ ಸರ್ಕಾರ ನಿಮ್ಮ ಮಗನ ಜೊತೆ ಕೂತು ಮಾತಾಡುತ್ತದೆ ಎಂದು ಮಾತ್ರ ಕಾಯಬೇಡಿ.

ಗಾಂಜಾದ ಮಾತಿಗೆ ಬರೋಣ. ಇದು ನಮ್ಮ ಸೀಮೆಯಲ್ಲಿ ಸಿಕ್ಕಾದ ವಿಷಯ. ಹತ್ತಿ, ತೊಗರಿ ಸಾಲುಗಳ ನಡುವೆ ಗಾಂಜಾ ಗಿಡ ಸಿಕ್ಕ ಸುದ್ದಿ ಈ ಭಾಗದ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪೊಲೀಸರು ಪಕ್ಕದ ಕಲಬುರಗಿ ಜಿಲ್ಲೆಯ ಕುರಿ ಫಾರ್ಮೊಂದರಲ್ಲಿ ಸಾವಿರ ಕಿಲೋಗೂ ಮಿಕ್ಕಿ ಗಾಂಜಾ ಹಿಡಿದಿದ್ದರು. ಅದೇ ವರ್ಷ ಸುರಪುರ ತಾಲೂಕಿನ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದವೆಂದು ಸೇದುವ ರೂಢಿಯ ಬಗ್ಗೆ ದೊಡ್ಡ ಪತ್ರಿಕೆಗಳು ಬರೆದವು. ಮಗ ಕೇಳೇ ಕೇಳುತ್ತಾನೆ: "ಜಾತ್ರ್ಯಾಗ ಸೇದಿದ್ರ ಭಕ್ತಿ, ರೂಮಿನಾಗ ಸೇದಿದ್ರ ಕೇಸು, ಇದ್ಯಾವ ನ್ಯಾಯ?"

"ದೇವರ ಸುದ್ದಿಗೆ ಬರಬ್ಯಾಡ" ಎಂದು ಗದರಿಸಿದರೆ ನೀವು ಸೋತಿರಿ. ಪ್ರಶ್ನೆ ಒಳ್ಳೆಯದು, ನಿಧಾನಕ್ಕೆ ಉತ್ತರಿಸಿ. ವರ್ಷಕ್ಕೊಮ್ಮೆ ಹಿರಿಯರ ನಡುವೆ ಕೂತು ಸೇದಿ ಮರುದಿನ ಹೊಲಕ್ಕೆ ಹೋಗುವ ಅರವತ್ತರ ಮುದುಕನಿಗೂ, ದಿನಾ ಸಂಜೆ ಬಾಗಿಲು ಹಾಕಿಕೊಂಡು ಸೇದುವ ಹತ್ತೊಂಬತ್ತರ ಹುಡುಗನಿಗೂ ಮಿದುಳು ಒಂದೇ ಅಲ್ಲ. ಮಿದುಳು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸು. ಅದಕ್ಕೂ ಮೊದಲು ಹೆಚ್ಚು ಗಾಂಜಾ ಸೇದಿದವರಲ್ಲಿ ಕಿವಿಯಲ್ಲಿ ಮಾತು ಕೇಳುವುದು, ಎಲ್ಲರ ಮೇಲೂ ಸಂಶಯ ಬರುವುದು, ಒಟ್ಟಿನಲ್ಲಿ ಚಿತ್ತ ಕೆಡುವ ಅಪಾಯ ಹೆಚ್ಚು. ಮನೆತನದಲ್ಲಿ ಅಂಥ ಕಾಯಿಲೆ ಇದ್ದರಂತೂ ಇನ್ನೂ ಹೆಚ್ಚು. ಓದುತ್ತಿದ್ದ ಹುಡುಗ ಹೀಗಾದಾಗ ನಾವು ಗಾಳಿ ಸೋಕಿತೆಂದು, ಮಾಟ ಮಾಡಿಸಿದರೆಂದು ತಿರುಗುತ್ತೇವೆ. ಗುಡಿಗೂ ಹೋಗಿ, ದರ್ಗಾಕ್ಕೂ ಹೋಗಿ, ನಾನು ಬೇಡವೆನ್ನುವುದಿಲ್ಲ. ಅದೇ ವಾರ ಮಾನಸಿಕ ರೋಗ ತಜ್ಞರ ಹತ್ತಿರವೂ ಹೋಗಿ.

ಕಾನೂನು ಮಾತ್ರ ಮುದುಕ, ಹುಡುಗ ಎಂದು ನೋಡುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದಿದ್ದಕ್ಕೆ ಆರು ತಿಂಗಳವರೆಗೆ ಶಿಕ್ಷೆ ಅಥವಾ ಹತ್ತು ಸಾವಿರದವರೆಗೆ ದಂಡ, ಬೆಳೆದದ್ದಕ್ಕೆ ಹತ್ತು ವರ್ಷದವರೆಗೆ ಜೈಲು. ನಮ್ಮ ಹುಡುಗರಲ್ಲಿ ಅರ್ಧಕ್ಕರ್ಧ ಮಂದಿ ಪಿಎಸ್‌ಐ, ಕಾನ್‌ಸ್ಟೇಬಲ್, ಎಫ್‌ಡಿಎ ಪರೀಕ್ಷೆಯ ಕನಸಿನವರು. ಪೊಲೀಸ್ ವೆರಿಫಿಕೇಷನ್ನಿನಲ್ಲಿ ಆ ಒಂದು ಕೇಸು ಎದ್ದು ನಿಲ್ಲುತ್ತದೆ ಎಂದರೆ ಅವರಿಗೆ ಬೇರೆ ವಿವರಣೆ ಬೇಕಾಗಿಲ್ಲ.

ಇದಕ್ಕಿಂತ ಹೆಚ್ಚಿನ ಭಯ ನನಗೆ ಬೇರೊಂದಿದೆ. ದೊಡ್ಡ ಊರಿಗೆ ಹೋದ ನಮ್ಮ ಬಡ ಮಕ್ಕಳಿಗೆ ಮೊದಲು ಆಮಿಷ ಒಡ್ಡುವುದು ಸೇದಲು ಅಲ್ಲ, ಸಾಗಿಸಲು. "ಈ ಪಾಕೀಟು ಆ ಪಿ.ಜಿ.ಗೆ ಕೊಟ್ಟು ಬಾ, ಐನೂರು ಕೊಡ್ತೀನಿ." ಒಳಗೆ ಏನಿದೆ ಎಂದು ಕೇಳದಿದ್ದರೆ ತನ್ನದೇನೂ ತಪ್ಪಿಲ್ಲ ಎಂದು ಹುಡುಗ ತಿಳಿಯುತ್ತಾನೆ. ಎಂಡಿಎಂಎ ಎಂಬ ಪುಡಿಯ ವಿಷಯದಲ್ಲಿ ಹತ್ತು ಗ್ರಾಂ ದಾಟಿದರೆ ಕಾನೂನಿನಲ್ಲಿ ಅದು ವಾಣಿಜ್ಯ ಪ್ರಮಾಣ: ಕನಿಷ್ಠ ಹತ್ತು ವರ್ಷ ಜೈಲು, ಕನಿಷ್ಠ ಒಂದು ಲಕ್ಷ ದಂಡ, ಜಾಮೀನು ಸಿಗುವುದೇ ಕಷ್ಟ. ಹತ್ತು ಗ್ರಾಂ ಅಂದರೆ ನಿಮ್ಮ ಅಡುಗೆಮನೆಯ ಎರಡು ಚಮಚ ಸಕ್ಕರೆಯಷ್ಟು. ಈ ಒಂದು ಲೆಕ್ಕವನ್ನು ಮನೆ ಬಿಡುವ ಮುಂಚೆ ಪ್ರತಿ ಮಗುವಿಗೂ, ಹೆಣ್ಣುಮಗುವಿಗೂ, ಹೇಳಲೇಬೇಕು. ಇನ್ನು ನೋವಿನ ಮಾತ್ರೆ, ನಿದ್ದೆ ಮಾತ್ರೆ, ಕೆಮ್ಮಿನ ಔಷಧಿಗಳನ್ನು ನಶೆಗೆ ತಿನ್ನುವವರಿದ್ದಾರೆ. ಮದ್ಯದ ಜೊತೆ ನಿದ್ದೆ ಮಾತ್ರೆ ಸೇರಿದರೆ ಉಸಿರೇ ನಿಲ್ಲಬಹುದು. ಇಷ್ಟು ಗೊತ್ತಿದ್ದರೆ ಸಾಕು.

ಹೇಗೆ ಮಾತಾಡುವುದು ಎಂದು ಕೇಳುತ್ತೀರಿ. ಉಪದೇಶಕ್ಕಿಂತ ಒಂದು ನಿಜವಾದ ಮಾತುಕತೆ ಹೇಳುತ್ತೇನೆ. ಹುಣಸಗಿ ಕಡೆಯ ಒಬ್ಬ ಹುಡುಗ, ಕಲಬುರಗಿಯಲ್ಲಿ ಓದುತ್ತಿದ್ದವನು, ತಾನೇ ನನಗೆ ಹೇಳಿದ್ದು. ದಸರಾ ರಜೆಗೆ ಬಂದಾಗ ಅವ್ವನ ಜೊತೆ ಹತ್ತಿ ಬಿಡಿಸಲು ಹೋಗಿದ್ದ. ಅಕ್ಕಪಕ್ಕದ ಸಾಲು, ಇಬ್ಬರ ಮುಖವೂ ಗಿಡದ ಕಡೆ.

"ರೂಮಿನಾಗ ಎಷ್ಟ್ ಮಂದಿ ಇದ್ದೀರಿ?"

"ನಾಕ್ ಮಂದಿ."

"ಅದ್ರಾಗ ಕುಡ್ಯೋರು?"

ಹುಡುಗ ತಡೆದು "ಇಬ್ರು" ಅಂದ.

"ಕುಡದು ಬಂದ್ರ ಅವರಿಗಿ ಯಾರ್ ನೋಡ್ಕೋತಾರ?"

"ನಾನೇ. ವಾಂತಿ ತೊಳಿಯೋದು, ನೀರ್ ಕುಡ್ಸೋದು."

ಅವ್ವ ಒಂದಷ್ಟು ಗಿಡ ಮುಂದೆ ಹೋದಳು. "ನೀ ಕುಡದಾಗ ನಿನಗ್ಯಾರ್ ನೋಡ್ಕೊಂಡ್ರು?"

ಆಗ ಹೊರಬಂತು. ಎರಡು ಸಲ ಕುಡಿದಿದ್ದ. ಮೊದಲ ಸಲ ಛಲೋ ಅನಿಸಿತ್ತು. ಎರಡನೇ ಸಲ ಫೋನ್ ಕಳೆದುಕೊಂಡಿದ್ದ. ಬಸ್ಸಿನಲ್ಲಿ ಕಳುವಾಯಿತೆಂದು ಮನೆಯಲ್ಲಿ ಹೇಳಿದ್ದು ಸುಳ್ಳು. ಅವ್ವ ಹತ್ತಿ ಉಡಿ ಬಿಚ್ಚಿ ಚೀಲಕ್ಕೆ ಸುರಿದು, "ಆ ಫೋನಿನ ಕಂತು ಇನ್ನಾ ಕಟ್ಲತ್ತೀನಿ. ಇನ್ನೊಂದ್ಸಲ ಹಿಂಗಾದ್ರ ಮೊದ್ಲ ನನಗ ಫೋನ್ ಮಾಡು. ಬೈದ್ರ ಬೈತೀನಿ, ಆದ್ರ ಬರ್ತೀನಿ" ಎಂದಳಂತೆ.

ಸಹಿ ಮಾಡಲು ಬಾರದ ಆ ತಾಯಿಯ ಜಾಣತನ ನೋಡಿ. "ನೀ ಕುಡೀತಿಯೇನು?" ಎಂದು ಆರಂಭಿಸಲಿಲ್ಲ. ಗೆಳೆಯರಿಂದ ಶುರುಮಾಡಿದಳು. ಎದುರಾಬದುರು ಕೂರಿಸಿಕೊಳ್ಳಲಿಲ್ಲ. ಕೈಗೆ ಕೆಲಸ ಇತ್ತು, ಕಣ್ಣಿಗೆ ಕಣ್ಣು ಕೊಡುವ ಸಂಕಟ ಇರಲಿಲ್ಲ. ನಿಮ್ಮಲ್ಲಿ ಹೊಲ ಇಲ್ಲದವರು ಬೈಕಿನ ಮೇಲೆ ಮಾತಾಡಿ, ಸಂತೆಗೆ ಹೋಗುವಾಗ ಮಾತಾಡಿ. ಕಾಕಾ, ಮಾವ, ಊರ ಹಿರಿಯರನ್ನೆಲ್ಲ ಸೇರಿಸಿ ಪಂಚಾಯ್ತಿ ಮಾಡಿದರೆ ಹುಡುಗ ಅಷ್ಟೂ ಜನಕ್ಕೆ ಬೇಕಾದ ಉತ್ತರ ಕೊಟ್ಟು ಎದ್ದು ಹೋಗುತ್ತಾನೆ. ಆಕೆಯ ಕೊನೆಯ ಮಾತನ್ನು ಮಾತ್ರ ನೀವೆಲ್ಲರೂ ಎರವಲು ಪಡೆಯಬೇಕು: ಬೈದರೂ ಬರುತ್ತೇನೆ. ಯಾಕೆಂದರೆ ಒಬ್ಬ ಹುಡುಗ ಮಿತಿಮೀರಿ ಕುಡಿದು ಬಿದ್ದ ರಾತ್ರಿ ಗೆಳೆಯರು ಮಾಡುವ ದೊಡ್ಡ ತಪ್ಪು, ಮನೆಗೆ ಗೊತ್ತಾದೀತೆಂದು ಅವನನ್ನು ಅಂಗಾತ ಮಲಗಿಸಿ ಬಾಗಿಲು ಹಾಕಿಕೊಂಡು ಹೋಗುವುದು. ವಾಂತಿ ಉಸಿರುನಾಳಕ್ಕೆ ಇಳಿದು ಸಾಯುವುದು ಹೀಗೆಯೇ. ಮಗ್ಗುಲಾಗಿ ಮಲಗಿಸಬೇಕು, ಒಬ್ಬನೇ ಬಿಡಬಾರದು. ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಧಾನವಾದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದರೆ 108ಕ್ಕೆ ಫೋನ್ ಮಾಡಬೇಕು. ಇದನ್ನು ಕುಡಿಯದ ಮಗನಿಗೂ ಹೇಳಿ. ಅವನ ಪಕ್ಕದ ಹಾಸಿಗೆಯಲ್ಲಿ ಮಲಗಿದವನೂ ಯಾರದೋ ಮಗ.

ಹೆಣ್ಣುಮಕ್ಕಳ ಅಪ್ಪ-ಅವ್ವಂದಿರೇ, ಈ ಪತ್ರ ತಮಗಲ್ಲ ಎಂದುಕೊಳ್ಳಬೇಡಿ. ಮಗ ಹೇಳಿಕೊಂಡರೆ ಏಟು ಬೀಳುತ್ತದೆ, ಮಗಳು ಹೇಳಿಕೊಂಡರೆ ಕಾಲೇಜೇ ನಿಲ್ಲುತ್ತದೆ. "ಓದಿದ್ದು ಸಾಕು" ಎಂದು ವರ ಹುಡುಕುತ್ತಾರೆ. ಹೀಗಾಗಿ ತಾನು ಕುಡಿಯದಿದ್ದರೂ, ತನ್ನ ತರಗತಿಯ ಯಾರೋ ಪಾರ್ಟಿಯಲ್ಲಿ ತಂಪು ಪಾನೀಯಕ್ಕೆ ಏನೋ ಬೆರೆಸಿಕೊಟ್ಟರೂ ಅವಳು ಮನೆಗೆ ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಒಬ್ಬ ಹುಡುಗಿ ಡಿಗ್ರಿವರೆಗೆ ಬರುವುದೇ ಎಷ್ಟು ಬೇಲಿ ದಾಟಿ ಎಂದು ನಿಮಗೆ ಗೊತ್ತು. "ಏನೇ ಆಗಲಿ, ನಿನ್ನ ಓದು ಬಿಡಸಂಗಿಲ್ಲ" ಎಂಬ ಭರವಸೆಯನ್ನು ಅವಳಿಗೆ ಮುಂಚಿತವಾಗಿ ಕೊಡಿ. ಅದಿಲ್ಲದೆ ಅವಳಿಂದ ಸತ್ಯ ನಿರೀಕ್ಷಿಸುವುದು ನ್ಯಾಯವಲ್ಲ.

ಆಣೆಯ ಬಗ್ಗೆಯೂ ಹೇಳಬೇಕು. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರು ಹುಟ್ಟಿದ ದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆಗೆ ಚಟ ಹಾಕಿ ಬದುಕಿದವರು ಈ ಕಡೆ ಬಹಳ ಜನ ಇದ್ದಾರೆ. ಅಲ್ಲಿ ಕೊಡುವವನು ತಾನಾಗಿ ಕೈ ಮುಂದೆ ಮಾಡುತ್ತಿದ್ದ, ಬೇಡುವವರು ಅವನ ಬಾಗಿಲಿಗೆ ತಾವೇ ಬಂದಿರುತ್ತಿದ್ದರು. ಅವ್ವನ ತಲೆ ಮೇಲೆ ಬಲವಂತದಿಂದ ಕೈ ಇಡಿಸಿ ಮಾಡಿಸುವ ಆಣೆ ಅದಲ್ಲ. ಈ ಆಣೆ ಮುರಿದ ದಿನ ಹುಡುಗ ಕುಡಿತವನ್ನು ಬಿಡುವುದಿಲ್ಲ, ಮನೆಗೆ ಬರುವುದನ್ನು ಬಿಡುತ್ತಾನೆ.

ಮಾತಿನ ಹಂತ ದಾಟಿ ಚಟವೇ ಅಂಟಿದ್ದರೆ ಮನೆಮದ್ದು ಬೇಡ. ಚಹಾದಲ್ಲಿ, ಅನ್ನದಲ್ಲಿ ಗುಟ್ಟಾಗಿ ಬೆರೆಸುವ "ಕುಡಿತ ಬಿಡಿಸುವ ಪುಡಿ" ಮಾರುವವರಿದ್ದಾರೆ. ಅಂಥವುಗಳಲ್ಲಿ ಡೈಸಲ್ಫಿರಾಮ್ ಎಂಬ ಮದ್ದು ಇದ್ದರೆ, ಗೊತ್ತಿಲ್ಲದೆ ಮೇಲೆ ಮದ್ಯ ಕುಡಿದವನ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಕೂಡಿಹಾಕಿ ಒಮ್ಮೆಲೆ ಬಿಡಿಸುವುದೂ ಅಪಾಯ. ಬಹಳ ದಿನ ಕುಡಿದವನು ಥಟ್ಟನೆ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಮೂರು-ನಾಲ್ಕನೇ ದಿನ ಬುದ್ಧಿಭ್ರಮಣೆ ಆಗಬಹುದು. 2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಹೆಂಡವನ್ನು ದಿಢೀರನೆ ತಡೆದಾಗ ಅಲ್ಲಿನ ಆಸ್ಪತ್ರೆಗಳು ಇಂಥವರಿಂದಲೇ ತುಂಬಿದ್ದವು. ವೈದ್ಯರ ಕಣ್ಣಳತೆಯಲ್ಲೇ ಬಿಡಿಸಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಚಟವನ್ನೂ ಕಾಯಿಲೆಯ ಪಟ್ಟಿಗೆ ಸ್ಪಷ್ಟವಾಗಿ ಸೇರಿಸಿದೆ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಹೊಡೆದು ಬಿಡಿಸುತ್ತೇವೆ ಎನ್ನುವ ಖಾಸಗಿ ಕೇಂದ್ರಗಳ ಬಾಗಿಲಿಗೆ ಹೋಗಬೇಡಿ. ತಾಲೂಕು ಆಸ್ಪತ್ರೆಗೆ ಮಾನಸಿಕ ತಜ್ಞರು ಮಂಗಳವಾರ ಬರುವ "ಮನೋಚೈತನ್ಯ" ಕಾರ್ಯಕ್ರಮ ರಾಜ್ಯದಲ್ಲಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಟೆಲಿ ಮಾನಸ್ 14416ಕ್ಕೆ ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿಯುತ್ತಾರೆಂಬ ಭಯ ಬೇಡ. ಚಿಕಿತ್ಸೆಗೆ ತಾನಾಗಿ ಬಂದ ವ್ಯಸನಿಗೆ ರಕ್ಷಣೆ ಕೊಡುವ 64ಎ ಎಂಬ ಕಲಮು ಅದೇ ಎನ್‌ಡಿಪಿಎಸ್ ಕಾಯ್ದೆಯಲ್ಲಿದೆ.

ಕೊನೆಯ ವಿನಂತಿ ಒಂದೇ, ಇದು ಮಾತ್ರ ನಿಮ್ಮ ಮಕ್ಕಳ ಬಗ್ಗೆ ಅಲ್ಲ, ನೆರೆಮನೆಯ ಮಕ್ಕಳ ಬಗ್ಗೆ. ಬಸ್‌ಸ್ಟ್ಯಾಂಡಿನ ಹಿಂದಿನ ಬಾರಿನಿಂದ ಇಳಿದು ಬರುತ್ತಿದ್ದ ಇನ್ನೊಬ್ಬರ ಮಗನನ್ನು ಕಂಡರೆ ಆ ಸುದ್ದಿಯನ್ನು ಕಟ್ಟೆಗೆ ಒಯ್ಯಬೇಡಿ. ಆ ಹುಡುಗನ ಅವ್ವನಿಗೆ, ಅವಳೊಬ್ಬಳೇ ಇದ್ದಾಗ, ಮೆಲ್ಲಗೆ ಹೇಳಿ. ನಾಳೆ ನಿಮ್ಮ ಮಗನನ್ನು ಕಂಡವರೂ ಹಾಗೆಯೇ ಮಾಡಲಿ.

ಇಂತಿ ನಿಮ್ಮವ,
ಶಹಾಪುರದ ಒಬ್ಬ ನಿವೃತ್ತ ಮಾಸ್ತರ